ಜಿಪಿಎಸ್ ಇಲ್ಲದೆ ಹಾರುವ ಪಾಠ: ಕ್ರೇಜಿಫ್ಲೈ 2.1 ಮತ್ತು ಫ್ಲೋ ಡೆಕ್

2021ರ ಜನವರಿ 15ರಂದು ದೆಹಲಿಯ ಸೇನಾ ದಿನದ ಪಥಸಂಚಲನದಲ್ಲಿ 75 ಡ್ರೋನ್‌ಗಳು ಗುಂಪಾಗಿ ಹಾರಿದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ: ಯುದ್ಧಭೂಮಿಯಲ್ಲಿ ಶತ್ರು ಜಿಪಿಎಸ್ ಸಂಕೇತವನ್ನೇ ಜಾಮ್ ಮಾಡಿದರೆ ಇಂಥ ಗುಂಪು ತಾನೆಲ್ಲಿದೆ ಎಂದು ತಿಳಿಯುವುದು ಹೇಗೆ? ಸೇನೆಯ ಯಂತ್ರಗಳು ನಮ್ಮ ಕೈಗೆ ಸಿಗುವಂಥವಲ್ಲ. ಆದರೆ ಅದೇ ತೊಡಕನ್ನು ಮನೆಯ ಹಜಾರದಲ್ಲಿ ಕಾಣಿಸಿಕೊಡುತ್ತದೆ, ಸ್ವೀಡನ್ನಿನ ಬಿಟ್‌ಕ್ರೇಜ್ ಕಂಪನಿಯ 27 ಗ್ರಾಂ ತೂಕದ ಪುಟ್ಟ ಡ್ರೋನ್ ಕ್ರೇಜಿಫ್ಲೈ 2.1.

ಅದರ ಹೊಟ್ಟೆಗೆ ಸಿಕ್ಕಿಸುವ ಫ್ಲೋ ಡೆಕ್ ಎಂಬ ಸಣ್ಣ ಫಲಕದಲ್ಲಿ ಎರಡು ಸೆನ್ಸರ್‌ಗಳಿವೆ. ಒಂದು, ಕಂಪ್ಯೂಟರ್ ಮೌಸ್‌ನ ಹಾಗೆ, ಕೆಳಗಿನ ನೆಲ ಯಾವ ಕಡೆಗೆ ಎಷ್ಟು ಸರಿಯಿತೆಂದು ಗಮನಿಸುತ್ತದೆ. ಇನ್ನೊಂದು ಲೇಸರ್ ಬೆಳಕಿನಿಂದ 4 ಮೀಟರ್‌ವರೆಗಿನ ಎತ್ತರವನ್ನು ಅಳೆಯುತ್ತದೆ. ತಗ್ಗಿನಲ್ಲಿ ಮೆಲ್ಲಗೆ ಹೋದಾಗಲೂ ಎತ್ತರದಲ್ಲಿ ರಭಸದಿಂದ ಹೋದಾಗಲೂ ನೆಲ ಒಂದೇ ವೇಗದಲ್ಲಿ ಸರಿದಂತೆ ತೋರಬಹುದಾದ್ದರಿಂದ, ಎತ್ತರ ತಿಳಿಯದೆ ಮೊದಲನೆಯದರ ಲೆಕ್ಕಕ್ಕೆ ಅರ್ಥವಿಲ್ಲ. ಡ್ರೋನ್ ವಾಲಿದಾಗ ನೆಲ ಸರಿದಂತೆ ಕಾಣುವ ಭ್ರಮೆಯನ್ನು, ಅದು ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತಿಳಿಸುವ ಗೈರೊಸ್ಕೋಪ್‌ನ ಅಳತೆಯಿಂದ ಕಳೆಯಬೇಕಾಗುತ್ತದೆ.

ನಮ್ಮ ಹಜಾರದ ರೆಡ್ ಆಕ್ಸೈಡ್ ನೆಲ ಕನ್ನಡಿಯಂತೆ ಹೊಳೆಯುತ್ತದೆ. ಗುರುತುಗಳಿಲ್ಲದ ಇಂಥ ನೆಲದಲ್ಲಿ ಈ ಬಗೆಯ ಯಾವ ಸೆನ್ಸರ್‌ಗೂ ಹಿಡಿತ ಸಿಗುವುದಿಲ್ಲವಾದ್ದರಿಂದ ಮೊದಲೇ ಹಳೆಯ ದಿನಪತ್ರಿಕೆಗಳನ್ನು ಹಾಸಿದೆ. ಕಿಕ್ಕಿರಿದ ಆ ಅಕ್ಷರಗಳ ಮೇಲೆ, ಮಂಡಿಯೆತ್ತರದಲ್ಲಿ, ಡ್ರೋನ್ ದಾರ ಕಟ್ಟಿ ತೂಗುಹಾಕಿದಂತೆ ನಿಂತಿತು. ಆ ಕ್ಷಣದ ಸಂತೋಷವನ್ನು ನಾನು ಮರೆಯಲಾರೆ.

ಆದರೂ ಇಲ್ಲೊಂದು ಮಿತಿಯಿದೆ, ನನ್ನ ದೃಷ್ಟಿಯಲ್ಲಿ ಕಲಿಯಬೇಕಾದದ್ದು ಅದೇ. ಎಷ್ಟು ಸರಿದೆನೆಂಬುದಷ್ಟೇ ಡ್ರೋನಿಗೆ ಗೊತ್ತು. ಎಲ್ಲಿದ್ದೇನೆಂಬುದನ್ನು ಅದು ಕೂಡಿಸಿ ಊಹಿಸುತ್ತದೆ, ಕೂಡಿಸಿದಂತೆಲ್ಲ ತಪ್ಪೂ ಬೆಳೆಯುತ್ತದೆ. ಗುಂಪಿನಲ್ಲಿ ಒಂದೊಂದರ ತಪ್ಪು ಒಂದೊಂದು ದಿಕ್ಕಿಗೆ ಹೋಗುವುದರಿಂದ, ದೂರವಿದ್ದೇವೆಂದು ನಂಬಿದ ಎರಡು ಡ್ರೋನ್‌ಗಳು ಡಿಕ್ಕಿ ಹೊಡೆಯುವಷ್ಟು ಹತ್ತಿರ ಬಂದಿರಬಹುದು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಕ್ರೇಜಿಫ್ಲೈಗಳಿಗೆ ಸುತ್ತಲಿನ ಗೋಡೆಗಳ ದೂರ ಅಳೆಯುವ ಸೆನ್ಸರ್‌ಗಳನ್ನೂ ಸೇರಿಸಿ, ಆರು ಡ್ರೋನ್‌ಗಳ ಗುಂಪಿನಿಂದ ಆರೇ ನಿಮಿಷದಲ್ಲಿ ಕಟ್ಟಡವೊಂದರ ತೆರೆದ ಕೋಣೆಗಳ 80 ಶೇಕಡಾ ಭಾಗವನ್ನು ಶೋಧಿಸಿದರು. ಅವು ನಕ್ಷೆಯನ್ನು ಕಟ್ಟಲಿಲ್ಲ. ಹೊರಟ ಜಾಗದ ರೇಡಿಯೊ ಸಂಕೇತದ ಬಲವನ್ನು ಅನುಸರಿಸಿ ಮರಳಿದವು.

ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಿಗೆ ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಕೊಳ್ಳುವುದಾದರೆ ಕನಿಷ್ಠ ಎರಡನ್ನು ಕೊಳ್ಳಬೇಕು, ಬಿಡಿ ಬ್ಯಾಟರಿಗಳನ್ನೂ ತರಿಸಬೇಕು. ಸುಮಾರು 40 ನಿಮಿಷ ಚಾರ್ಜ್ ಮಾಡಿದರೆ ಸಿಗುವ ಹಾರಾಟ 7 ನಿಮಿಷ ಮಾತ್ರ.