ಮಕ್ಕಳ ವಿಡಿಯೋ ಆ್ಯಪ್: ಎಲ್ಲಾ ಸರಿ, ಹುಡ್ಗನಾ ಹುಡ್ಗೀನಾ ಅಂತ ಯಾಕಪ್ಪಾ ಬೇಕು?

ಆರು ತಿಂಗ್ಳಿಂದ ಮನೇಲಿ ಯೂಸ್ ಮಾಡ್ತಿರೋ ಮಕ್ಕಳ ವಿಡಿಯೋ ಆ್ಯಪ್ ಬಗ್ಗೆ ಇದು, ಹೆಸ್ರು ಹಾಕಲ್ಲ. ಮೊದ್ಲು ಒಳ್ಳೇದು ಹೇಳ್ಬಿಡ್ತೀನಿ: ಬಫರಿಂಗ್ ಇಲ್ಲ, ಟೈಮರ್ ಇಟ್ರೆ ಕರೆಕ್ಟಾಗಿ ಆಫ್ ಆಗತ್ತೆ. ಅಷ್ಟೇ.

ತಲೆನೋವು ಶುರುವಾಗೋದು ಪ್ರೊಫೈಲ್ ಮಾಡುವಾಗ. ವಯಸ್ಸು ಕೇಳತ್ತೆ, ಓಕೆ, ಆಮೇಲೆ ಹುಡ್ಗನಾ ಹುಡ್ಗೀನಾ ಅಂತೆ, ಸ್ಕಿಪ್ ಬಟನ್ನೇ ಇಲ್ಲ. ನಮ್ಮವು ಅವಳಿ, ಏಳು ವರ್ಷ, ಒಬ್ಬ ಮಗ ಒಬ್ಳು ಮಗ್ಳು, ಇಬ್ರಿಗೂ ಒಂದೇ ದಿನ ಪ್ರೊಫೈಲ್ ಮಾಡಿದ್ದು, ಇನ್ನೂ ಒಂದು ವಿಡಿಯೋನೂ ನೋಡಿಲ್ಲ, ಆಗ್ಲೇ ಅವನಿಗೆ ರಾಕೆಟ್, ಬುಲ್ಡೋಜರ್, ಡೈನೋಸಾರ್, ಇವಳಿಗೆ ಮೇಕಪ್ ಕಿಟ್ ಅನ್‌ಬಾಕ್ಸಿಂಗ್, ಗೊಂಬೆಗೆ ಸ್ನಾನ! ಡೈನೋಸಾರ್ ಹುಚ್ಚು ಇರೋದು ಮಗ್ಳಿಗೆ ಕಣ್ರೀ.

ಒಂದಿನ ಸುಮ್ನೆ ಇಬ್ರದ್ದೂ ಆ ಆಯ್ಕೆ ಅದ್ಲುಬದ್ಲು ಮಾಡ್ದೆ. ಮಗ ಗೊಂಬೆ ಸ್ನಾನದ ವಿಡಿಯೋ ಪೂರ್ತಿ ನೋಡಿ, ಹೋಗಿ ತನ್ನ ರೋಬೋಟಿಗೆ ಟವೆಲ್ ಸುತ್ತಿ ಒರೆಸ್ತಾ ಕೂತಿದ್ದ. ಏನೋ ಇದು ಅಂದ್ರೆ, "ನೀರು ಒಳಗೆ ಹೋದ್ರೆ ಕೆಟ್ಟೋಗತ್ತೆ, ಶ್!"

ಈ ಅದ್ಲುಬದ್ಲು ಏನು ಹೊಸ ಐಡಿಯಾ ಅಲ್ಲ. 1992ರಲ್ಲಿ ಮಾತಾಡೋ ಬಾರ್ಬಿ ಒಂದು ಮಾರ್ಕೆಟ್ಟಿಗೆ ಬಂದು ಗಣಿತದ ಕ್ಲಾಸು ಕಷ್ಟ ಅಂತ ಗೋಳಾಡ್ತಿತ್ತು, ಮರುವರ್ಷ ಅಮೆರಿಕದಲ್ಲಿ ಒಂದಷ್ಟು ಜನ ಅದರ ದನಿಪೆಟ್ಟಿಗೆ ಕಿತ್ತು ಜಿ.ಐ. ಜೋ ಅನ್ನೋ ಸೈನಿಕ ಗೊಂಬೆ ಹೊಟ್ಟೇಲಿಟ್ಟು, ಸೈನಿಕನದ್ದು ಬಾರ್ಬಿಗಿಟ್ಟು, ಗೊಂಬೆಗಳ್ನ ವಾಪಸ್ ಅಂಗಡಿ ಶೆಲ್ಫಿಗೇ ಸೇರ್ಸಿದ್ರು. ಸೈನಿಕ ಮದ್ವೆ ಪ್ಲಾನ್ ಮಾಡ್ತಿದ್ದ, ಬಾರ್ಬಿ ಸೇಡು ತೀರಿಸ್ಕೊಳ್ಳೋ ಡೈಲಾಗ್ ಹೊಡೀತಿದ್ಲು.

ಒಂದು ಆ್ಯಪ್‌ಗೆ ಇಷ್ಟೆಲ್ಲಾ ಯಾಕೆ ಅಂತೀರಾ, ಪರದೆ ನಿಜಕ್ಕೂ ತಲೆಯೊಳಗೆ ಇಳಿಯತ್ತೆ. ಬ್ರೆಜಿಲ್‌ನಲ್ಲಿ ಚಿಕ್ಕ ಸಂಸಾರದ ಹೆಂಗಸ್ರನ್ನ ತೋರಿಸೋ ಧಾರಾವಾಹಿಗಳು ತಲುಪಿದ ಕಡೆ ಹೆರಿಗೆ ಕಮ್ಮಿ ಆದ್ವು ಅಂತ ಅಧ್ಯಯನ ಇದೆ. ಭಾರತದ ಹಳ್ಳಿಗಳಿಗೆ ಕೇಬಲ್ ಬಂದ್ಮೇಲೆ ಗಂಡ ಹೊಡೆದ್ರೆ ತಪ್ಪಿಲ್ಲ ಅನ್ನೋ ಹೆಂಗಸ್ರು, ಗಂಡುಮಗುನೇ ಬೇಕು ಅನ್ನೋರು ಕಮ್ಮಿ ಆದ್ರು ಅಂತ ಜೆನ್ಸೆನ್, ಆಸ್ಟರ್ ಅನ್ನೋ ಅರ್ಥಶಾಸ್ತ್ರಜ್ಞರು 2009ರಲ್ಲಿ ಬರೆದ್ರು. ಅತ್ತೆ-ಸೊಸೆ ಜಗಳದ ಸೀರಿಯಲ್ಲೇ ಇಷ್ಟು ಮಾಡಿದ್ರೆ ದಿನಾ ಒಂದು ಗಂಟೆ ಗುಲಾಬಿ ಬಣ್ಣ ಏನೂ ಮಾಡಲ್ವಾ? ಬ್ರಿಟನ್‌ನಲ್ಲಿ 2019ರಲ್ಲಿ, ಗಂಡು ಅಂದ್ರೆ ಹೀಗೆ ಹೆಣ್ಣು ಅಂದ್ರೆ ಹೀಗೆ ಅಂತ ಅಚ್ಚು ಹಾಕೋ ಜಾಹೀರಾತಿನ ವಿರುದ್ಧ ರೂಲ್ ಬಂತು, ಗಂಡಸ್ರು ಗಗನಯಾತ್ರಿಗಳು, ಹೆಂಗಸು ಮಗು ಗಾಡಿ ಪಕ್ಕ ಸುಮ್ನೆ ಕೂತಿರೋ ಒಂದು ಕಾರಿನ ಜಾಹೀರಾತು ಬ್ಯಾನೇ ಆಯ್ತು.

ಕಸ್ಟಮರ್ ಕೇರ್‌ಗೆ ಬರೆದೆ, "ಮಕ್ಕಳ ಆಸಕ್ತಿಗೆ ತಕ್ಕಂತೆ ತೋರಿಸ್ತೀವಿ" ಅಂದ್ರು. ಯಾವ ಆಸಕ್ತಿ ಸ್ವಾಮಿ, ಒಂದು ವಿಡಿಯೋನೂ ನೋಡೋಕ್ ಮುಂಚೆನೇ?

ಈಗ ಇಬ್ರಿಗೂ ಒಂದೇ ಪ್ರೊಫೈಲ್, ಹೆಸ್ರು ರೋಬೋಡೈನೋ. ಅದಕ್ಕೂ ಹುಡ್ಗನೋ ಹುಡ್ಗೀನೋ ಒತ್ಲೇಬೇಕಲ್ಲ, ನಾಣ್ಯ ಚಿಮ್ಮಿದ್ವಿ. ಹುಡ್ಗಿ ಬಂತು, ಮತ್ತೆ ಮೇಕಪ್ ಕಿಟ್ ಶುರು. ಎರಡು ಸ್ಟಾರ್, ಅದೂ ಟೈಮರ್‌ಗೆ.