ಮನೆ ಬಾಗಿಲಲ್ಲಿ ಕೊಂಡ ದುಬಾರಿ ವ್ಯಾಕ್ಯೂಮ್ ಕ್ಲೀನರ್: ಕೊಡಗಿನ ಮಳೆಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಮೆಷಿನ್ ಚೆನ್ನಾಗಿದೆ, ಮೊದಲೇ ಹೇಳಿಬಿಡುತ್ತೇನೆ. 2019ರಲ್ಲಿ ಕೊಂಡಿದ್ದು. ಇವತ್ತಿಗೂ ಕಸ ಎಳೆಯುವ ಶಕ್ತಿ ಕಮ್ಮಿಯಾಗಿಲ್ಲ. ಆದರೂ ಯಾರಾದರೂ 'ಕೊಳ್ಳಬಹುದಾ' ಅಂತ ಕೇಳಿದರೆ ನಾನು ತಕ್ಷಣ ಹೂಂ ಅನ್ನುವುದಿಲ್ಲ. 'ನಿಮ್ಮ ಊರಿಗೆ ಸರ್ವಿಸ್‌ಗೆ ಬರೋರು ಯಾರು, ಗೊತ್ತಾ?' ಅಂತ ಕೇಳುತ್ತೇನೆ. ಲಕ್ಷದ ಮೇಲೆ ಕೊಟ್ಟು ಮನೆ ಬಾಗಿಲಲ್ಲಿ ಕೊಳ್ಳುವ ಮೆಷಿನ್‌ನಲ್ಲಿ ಒಂದು ದೊಡ್ಡ ಪಾಲು ದುಡ್ಡು ಆ ಬಾಗಿಲಿಗೆ ಬರುವ ಮನುಷ್ಯನಿಗೆ ಹೋಗುತ್ತದೆ. ಅವನು ಮತ್ತೆ ಬರುವುದಿಲ್ಲ ಅಂತಾದರೆ ಆ ದುಡ್ಡು ಯಾಕೆ ಕೊಟ್ಟಿದ್ದು? ಕಂಪನಿ ಹೆಸರು ಬರೆಯುವುದಿಲ್ಲ. ಹೀಗೆ ಮಾರುವವರಲ್ಲಿ ತುಂಬಾ ಜನರಿಗೆ ಈ ಮಾತು ಅನ್ವಯಿಸುತ್ತದೆ.

ನಮ್ಮ ಮನೆ ಸುಂಟಿಕೊಪ್ಪದಿಂದ ಒಳಗೆ, ಕಾಫಿ ತೋಟದ ಮಧ್ಯೆ. ಹಳೇ ಮನೆ, ಹೆಂಚಿನ ಮಾಡು, ಮರದ ಮುಚ್ಚಿಗೆ, ಅರ್ಧ ಮನೆಗೆ ರೆಡ್ ಆಕ್ಸೈಡ್ ನೆಲ. ಪಕ್ಕದಲ್ಲಿ ಎರಡು ರೂಮ್ ಹೋಂಸ್ಟೇಗೆ ಬಿಟ್ಟಿದ್ದೇವೆ. ಎರಡು ನಾಯಿಗಳಿವೆ, ಎರಡೂ ಒಳಗೇ ಮಲಗುವುದು. ಇಂಥ ಮನೆಯಲ್ಲಿ ಕಸ ಅಂದರೆ ಪೇಟೆ ಮನೆಯ ಧೂಳಿನ ಹಾಗಲ್ಲ. ಡಿಸೆಂಬರ್‌ನಿಂದ ಕಾಫಿ ಕುಯ್ಲು, ಕಣದಲ್ಲಿ ಒಣಗುವ ಕಾಫಿಯ ಪುಡಿ, ಜೀಪು ಎಬ್ಬಿಸುವ ಕೆಂಪು ಮಣ್ಣು. ಜೂನ್‌ನಿಂದ ಬೂಷ್ಟು. ವರ್ಷವಿಡೀ ಕುಟ್ಟೆ ಹಿಡಿದ ತೊಲೆಯಿಂದ ಉದುರುವ ಹಳದಿ ಪುಡಿ, ನಾಯಿಕೂದಲು.

ಈ ಎಲ್ಲದಕ್ಕೂ ಮೆಷಿನ್ ಹೇಗೆ ಅಂತ ಒಂದೊಂದಾಗಿ ಹೇಳುವುದು ಬೇಡ. ಪೊರಕೆ ಸೋಲುವ ಒಂದು ಕೆಲಸ ಹೇಳುತ್ತೇನೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಲೈಟಿಗೆ ಮುತ್ತುತ್ತವಲ್ಲ, ಬೆಳಗ್ಗೆ ಎದ್ದರೆ ಜಗಲಿ ತುಂಬಾ ರೆಕ್ಕೆ. ಗುಡಿಸಿದಷ್ಟೂ ಎದ್ದು ಹಾರುತ್ತವೆ, ಒದ್ದೆ ನೆಲಕ್ಕೆ ಅಂಟಿಕೊಂಡರಂತೂ ಉಗುರಲ್ಲೇ ಕೆರೆಯಬೇಕು. ಮೆಷಿನ್‌ನ ಉದ್ದ ಮೂತಿ ಹಾಕಿ ಗೋಡೆಯ ಮೂಲೆಯಿಂದ ಶುರುಮಾಡಿದರೆ ಒಂದೊಂದೇ ರೆಕ್ಕೆ ಸರ್ರಂತ ಒಳಗೆ ಹೋಗುತ್ತದೆ. ಕಿಟಕಿ ಸಂದಿಯಲ್ಲಿ ಸತ್ತು ಬಿದ್ದವು, ಸ್ವಿಚ್‌ಬೋರ್ಡ್ ಮೇಲೆ ಕೂತವು, ಎಲ್ಲ. ಮುಚ್ಚಿಗೆಯ ಸಂದಿಗೂ ಅದೇ ಮೂತಿ. ಮೊದಲು ಏಣಿ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಕುಟ್ಟೆ ಪುಡಿ ಒರೆಸುತ್ತಿದ್ದೆವು, ಮೂರು ದಿನ ಕೆಮ್ಮು. ಈಗ ಆ ತೊಂದರೆ ಇಲ್ಲ.

ಹಾಸಿಗೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈ ಮೆಷಿನ್‌ಗಳು ಮಾರಾಟವಾಗುವುದೇ ಹಾಸಿಗೆ ತೋರಿಸಿ. ಪೈಪಿಗೆ ಒಂದು ಕಪ್ಪು ಬಟ್ಟೆ ಸಿಕ್ಕಿಸಿ ನಿಮ್ಮದೇ ಹಾಸಿಗೆ ಮೇಲೆ ಎರಡು ಸಲ ಆಡಿಸುತ್ತಾರೆ, ಬಟ್ಟೆ ಮೇಲೆ ಬೂದಿ ಥರ ಬೆಳ್ಳಗೆ ಕೂತಿರುತ್ತದೆ. ನೋಡಿದ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಅದು ಯಾರ ಮನೆಯ ಹಾಸಿಗೆಯಲ್ಲೂ ಬರುತ್ತದೆ: ಚರ್ಮದ ಹೊಟ್ಟು, ಹತ್ತಿ ನೂಲಿನ ಪುಡಿ, ಧೂಳುಹುಳದ ಹಿಕ್ಕೆ. ಧೂಳುಹುಳ ಇರುವುದು ನಿಜ. ಅದಕ್ಕೆ ಬೇಕಾಗಿರುವುದು ಗಾಳಿಯಲ್ಲಿನ ತೇವ, ಮಳೆಗಾಲದ ಕೊಡಗಿನಲ್ಲಿ ಅದಕ್ಕೇನು ಬರ? ಆದರೆ ವ್ಯಾಕ್ಯೂಮ್ ಒಂದೇ ಸಾಕಾಗುವುದಿಲ್ಲ. ಹಿಕ್ಕೆ, ಹೊಟ್ಟು ತೆಗೆಯುತ್ತದೆ, ಒಳಗಿನ ಹುಳ ಪೂರ್ತಿ ಹೋಗಲ್ಲ. ಬೆಡ್‌ಶೀಟು, ದಿಂಬಿನ ಕವರು 60 ಡಿಗ್ರಿ ಬಿಸಿನೀರಲ್ಲಿ ಒಗೆಯಬೇಕು. ಬಿಸಿಲು ಬಂದ ದಿನ ಹಾಸಿಗೆ ಹೊರಗೆ ಹಾಕಬೇಕು. ನಮ್ಮ ಅತ್ತೆಗೆ ಉಬ್ಬಸ. ಒಗೆಯುವುದು, ಒಣಗಿಸುವುದು, ಎಳೆಯುವುದು ಮೂರೂ ಸೇರಿದ ಮೇಲೆ ರಾತ್ರಿ ಸೀನು ಕಮ್ಮಿಯಾಗಿದೆ. ಮೆಷಿನ್ ಒಂದರಿಂದಲೇ ಆಯಿತು ಅಂತ ನಾನು ಹೇಳಲ್ಲ. ಮಾರುವವರೂ ಹಾಗೆ ಹೇಳಬಾರದು, ಕಾಯಿಲೆ ಇರುವ ಮನೆಯಲ್ಲಿ ಅಂಥ ಮಾತು ಆಡುವುದು ತಪ್ಪು.

ನಮ್ಮದು ನೀರಿನ ತೊಟ್ಟಿ ಇರುವ ಮಾಡೆಲ್. ಕಸ ಬ್ಯಾಗಿಗೆ ಹೋಗುವ ಬದಲು ನೀರಿಗೆ ಹೋಗುತ್ತದೆ. ಕೆಲಸ ಮುಗಿದಾಗ ಆ ನೀರು ಗದ್ದೆ ಕೆಸರಿನ ಬಣ್ಣಕ್ಕೆ ಬಂದಿರುತ್ತದೆ, ಮೇಲೆ ನಾಯಿಕೂದಲು ಮುದ್ದೆಯಾಗಿ ತೇಲುತ್ತಿರುತ್ತದೆ. ಕಾಫಿ ಗಿಡದ ಬುಡಕ್ಕೆ ಚೆಲ್ಲಿದರೆ ಆಯಿತು, ಬ್ಯಾಗ್ ಖರ್ಚಿಲ್ಲ. ಆದರೆ ಇದರಲ್ಲಿ ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ನೀರು ಎಲ್ಲ ಧೂಳನ್ನೂ ಹಿಡಿಯುವುದಿಲ್ಲ, ತೀರಾ ಸಣ್ಣದು ಗುಳ್ಳೆಯೊಳಗೆ ಕೂತು ಆಚೆ ಹೋಗುತ್ತದೆ. ಅದಕ್ಕೇ ಹಿಂದುಗಡೆ ಹೆಪಾ ಫಿಲ್ಟರ್ ಬೇಕು. ಸರಿಯಾದ ಹೆಪಾ 0.3 ಮೈಕ್ರಾನ್ ಅಳತೆಯ ಕಣಗಳಲ್ಲಿ 99.97 ಪರ್ಸೆಂಟ್ ಹಿಡಿಯುತ್ತದೆ. ಬೂಷ್ಟು ಇರುವ ಮನೆಗೆ ಇದು ತುಂಬಾ ಮುಖ್ಯ, ಇಲ್ಲದಿದ್ದರೆ ಕಪಾಟಿನ ಹಿಂದಿನ ಬೂಷ್ಟನ್ನು ಎಳೆದು ಇಡೀ ರೂಮಿಗೆ ಊದಿದ ಹಾಗಾಗುತ್ತದೆ. ಇನ್ನೊಂದು, ಜುಲೈ ತಿಂಗಳಲ್ಲಿ ತೊಟ್ಟಿ ತೊಳೆದು ಹಾಗೇ ಮುಚ್ಚಿಟ್ಟರೆ ಎರಡೇ ದಿನಕ್ಕೆ ಮೆಷಿನ್ನೇ ನಾರುತ್ತದೆ. ತೊಳೆದು, ಒರೆಸಿ, ಮುಚ್ಚಳ ತೆಗೆದು ಒಲೆಯ ಹತ್ತಿರ ಕವುಚಿ ಇಡಬೇಕು. ಪ್ರತೀ ಸಲ. ಇದು ಬೇಜಾರು ಅನ್ನುವವರು ನೀರಿನ ಮಾಡೆಲ್ ಕಡೆ ಹೋಗಲೇಬೇಡಿ, ಬ್ಯಾಗ್ ಇರುವುದೇ ವಾಸಿ.

ಕರೆಂಟಿನ ವಿಷಯ. ಮೆಷಿನ್ ಸಾವಿರ ವ್ಯಾಟ್ ದಾಟುತ್ತದೆ, ಮನೆಯ ಮಾಮೂಲಿ ಇನ್ವರ್ಟರ್ ತಡೆಯಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಪೊರಕೆಯೇ ಗತಿ. ವ್ಯಾಟ್ ಜಾಸ್ತಿ ಇದ್ದರೆ ಜಾಸ್ತಿ ಎಳೆಯುತ್ತದೆ ಅನ್ನುವುದೂ ನಿಜವಲ್ಲ, ಅದು ಮೆಷಿನ್ ತಿನ್ನುವ ಕರೆಂಟಿನ ಲೆಕ್ಕ ಅಷ್ಟೆ. ಯುರೋಪಿನಲ್ಲಿ 2017ರಿಂದ 900 ವ್ಯಾಟ್‌ಗಿಂತ ಜಾಸ್ತಿ ಇರುವ ಮನೆಬಳಕೆಯ ವ್ಯಾಕ್ಯೂಮ್ ಮಾರುವ ಹಾಗಿಲ್ಲ. ಅಲ್ಲೇನು ಮನೆಗಳು ಕೊಳಕಾಗಿಲ್ಲವಲ್ಲ.

ಈಗ ಮಾರಾಟದ ಕಡೆ ಬರುತ್ತೇನೆ, ನನಗೆ ಹೇಳಬೇಕಾಗಿರುವುದು ಹೆಚ್ಚು ಇರುವುದೇ ಇಲ್ಲಿ.

ಮನೆಮನೆಗೆ ಹೋಗಿ ವ್ಯಾಕ್ಯೂಮ್ ಮಾರುವುದು ಹಳೇ ಪದ್ಧತಿ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ನೂರು ವರ್ಷದ ಹಿಂದೆಯೇ ಹೀಗೆ ಬೆಳೆದಿದ್ದು. ನಮ್ಮಲ್ಲಿ 1982ರಲ್ಲಿ ಅದೇ ಎಲೆಕ್ಟ್ರೋಲಕ್ಸ್ ಮತ್ತು ಇಲ್ಲಿನ ಫೋರ್ಬ್ಸ್ ಕಂಪನಿ ಸೇರಿ ಯುರೇಕಾ ಫೋರ್ಬ್ಸ್ ಶುರುಮಾಡಿ, ಟೈ ಕಟ್ಟಿದ ಹುಡುಗರನ್ನು ಬಾಗಿಲು ಬಾಗಿಲಿಗೆ ಕಳುಹಿಸಿ ವ್ಯಾಕ್ಯೂಮ್ ಕ್ಲೀನರ್ ಅಂದರೆ ಏನು ಅಂತ ಊರಿಗೇ ಕಲಿಸಿತು. ಅಲ್ಲಿಯವರೆಗೆ ನೋಡದ ವಸ್ತುವನ್ನು ಅಂಗಡಿಗೆ ಹೋಗಿ ಯಾರು ಕೇಳುತ್ತಾರೆ? ತೋರಿಸಿದರೆ ಮಾತ್ರ ಗೊತ್ತಾಗುವುದು. ಆ ಕಾರಣ ಇವತ್ತಿಗೂ ಪೂರ್ತಿ ಹೋಗಿಲ್ಲ. ನಮ್ಮ ರೆಡ್ ಆಕ್ಸೈಡ್ ನೆಲದ ಬಿರುಕು, ನಮ್ಮ ನಾಯಿ ಮಲಗುವ ಸೋಫಾ, ನಮ್ಮ ಮುಚ್ಚಿಗೆ, ಇವುಗಳ ಮೇಲೆ ಮೆಷಿನ್ ಹೇಗೆ ಓಡುತ್ತದೆ ಅಂತ ಯಾವ ವಿಡಿಯೋ ತೋರಿಸುತ್ತದೆ? ನಾನು ಕೊಂಡಿದ್ದೇ ಅದನ್ನು ನೋಡಿ. ಬಂದ ಹುಡುಗ ಮೈಸೂರಿನವನು. 'ಅಕ್ಕ, ಕೊಳ್ಳಬೇಡಿ, ಸುಮ್ನೆ ನೋಡಿ ಸಾಕು' ಅಂದ. ಎರಡು ಗಂಟೆ ಬೆವರು ಸುರಿಸಿ ಇಡೀ ಹಾಲ್ ಕ್ಲೀನ್ ಮಾಡಿದ. ನಮ್ಮ ಅತ್ತೆ ಅವನಿಗೆ ಕಾಫಿ, ಕಡುಬು ಕೊಟ್ಟರು. ಕೆಲಸ ಬಲ್ಲ ಹುಡುಗ, ಪ್ರತಿ ಬ್ರಷ್ ಯಾವುದಕ್ಕೆ ಅಂತ ಸರಿಯಾಗಿ ಹೇಳಿಕೊಟ್ಟ. ಅವನು ಕಲಿಸಿದ ಹಾಗೆಯೇ ನಾನು ಇವತ್ತಿಗೂ ಬಳಸುವುದು.

ನನಗೆ ಹಿಡಿಸದಿದ್ದುದು ಆಮೇಲಿನ ಆಟ. ಬೆಲೆ ಕೊನೆಯವರೆಗೂ ಹೇಳುವುದಿಲ್ಲ. ಹೇಳಿದ ಮೇಲೆ 'ಮ್ಯಾನೇಜರ್‌ಗೆ ಫೋನ್ ಮಾಡಿ ನೋಡ್ತೀನಿ' ಅಂತ ಆಚೆ ಹೋಗಿ ಬಂದು ಹದಿನೈದು ಸಾವಿರ ಕಮ್ಮಿ. ಹಳೇ ಮೆಷಿನ್ ಕೊಟ್ಟರೆ ಇನ್ನೂ ಕಮ್ಮಿ. ಇವತ್ತೇ ಸಹಿ ಹಾಕಿದರೆ ಮಾತ್ರ ಈ ರೇಟು. ಹತ್ತು ಮನೆಯವರ ಹೆಸರು, ನಂಬರ್ ಕೊಟ್ಟರೆ ಗಿಫ್ಟು. ಹೆಸರು ನಾವು ಕೊಡಲಿಲ್ಲ. ಒಂದು ವಾರ ಯೋಚಿಸಿ ಕರೆಯುತ್ತೇವೆ ಅಂದೆವು, ವಾರ ಬಿಟ್ಟು ಕರೆದಾಗಲೂ ಅದೇ ರೇಟಿಗೆ ಸಿಕ್ಕಿತು. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ.

ಆ ಹುಡುಗನ ಕಷ್ಟವೂ ಹೇಳಬೇಕು. ಪೇಟೆಯಲ್ಲಿ ಒಂದು ಬೀದಿಗೆ ಇಪ್ಪತ್ತು ಬಾಗಿಲು. ಇಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ಮಧ್ಯೆ ಒಂದು ತೋಟ, ಗೇಟು, ನಾಯಿ, ಏರು ರಸ್ತೆ. ಆ ಭಾರದ ಪೆಟ್ಟಿಗೆ ಬೈಕಿನ ಹಿಂದೆ ಕಟ್ಟಿಕೊಂಡು ಬಂದು, ಎರಡು ಗಂಟೆ ತೋರಿಸಿ, ಮಾರದಿದ್ದರೆ ಕಮಿಷನ್ ಇಲ್ಲ. ಪೆಟ್ರೋಲೂ ಅವನದೇ. ದೊಡ್ಡ ಊರುಗಳಲ್ಲಿ ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಒಳಗೇ ಬಿಡುವುದಿಲ್ಲ, ಹಗಲು ಮನೆಯಲ್ಲಿ ಯಾರೂ ಇರುವುದೂ ಇಲ್ಲ. 2020ರ ಲಾಕ್‌ಡೌನ್ ಬಂದಿದ್ದೇ, ಬೇರೆಯವರ ಹಾಸಿಗೆ ಮುಟ್ಟಿ ತೋರಿಸುವ ಕೆಲಸ ರಾತ್ರೋರಾತ್ರಿ ನಿಂತಿತು. ನಮ್ಮ ಹುಡುಗ ಆಗಲೇ ಕೆಲಸ ಬಿಟ್ಟ. ಮೈಸೂರಿನ ಡೀಲರ್ ಆಫೀಸೂ ಸ್ವಲ್ಪ ದಿನದಲ್ಲಿ ಮುಚ್ಚಿತು. 'ಮೂರು ತಿಂಗಳಿಗೊಮ್ಮೆ ಮನೆಗೇ ಬಂದು ಸರ್ವಿಸ್' ಅಂತ ಬಿಲ್ಲಿನ ಜೊತೆ ಕೊಟ್ಟ ಕಾರ್ಡ್ ಹಾಗೇ ಇದೆ. ಅದರಲ್ಲಿರುವ ನಂಬರ್ ಯಾರೂ ಎತ್ತಲ್ಲ.

ಆಮೇಲೆ ಮೆಷಿನ್‌ನಿಂದ ಕಿಡಿ ಹಾರಲು ಶುರುವಾಯಿತು, ಸುಟ್ಟ ವಾಸನೆ. ಬೆಂಗಳೂರಿನ ಕಾಲ್ ಸೆಂಟರ್‌ನವರು ಮೋಟಾರೇ ಬದಲಿಸಬೇಕು, ಮೆಷಿನ್ ಕಳುಹಿಸಿ ಅಂದರು. ಹೇಳಿದ ರೇಟಿಗೆ ಒಂದು ಒಳ್ಳೆಯ ಹೊಸ ಮೆಷಿನ್ ಬರುತ್ತಿತ್ತು. ಕುಶಾಲನಗರದಲ್ಲಿ ಮಿಕ್ಸಿ, ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಣ್ಣನ ಹತ್ತಿರ ತಗೊಂಡು ಹೋದೆವು. ಬಿಚ್ಚಿ ನೋಡಿ 'ಕಾರ್ಬನ್ ಸವೆದಿದೆ ಅಷ್ಟೆ' ಅಂದರು. ತಿರುಗುವ ಮೋಟಾರಿಗೆ ಕರೆಂಟ್ ಮುಟ್ಟಿಸುವ, ಬೆರಳಿನ ತುದಿಯಷ್ಟು ಎರಡು ಕಪ್ಪು ತುಂಡು, ಸವೆದು ಅರ್ಧವಾಗಿತ್ತು. ಹೊಸದು ಹಾಕಿ, ಒಳಗೆ ಕೂತಿದ್ದ ಕೂದಲು ಊದಿ ತೆಗೆದು, ಅರ್ಧ ದಿನದಲ್ಲಿ ಕೊಟ್ಟರು. ಕೆಲವೇ ನೂರು ರೂಪಾಯಿ. ಮೋಟಾರ್ ಗಟ್ಟಿ ಇದೆ, ಇನ್ನೂ ಹತ್ತು ವರ್ಷ ಬರುತ್ತೆ ಅಂದರು. ಈ ದುಬಾರಿ ಮೆಷಿನ್‌ಗಳನ್ನು ಬಿಚ್ಚಬಹುದು, ರಿಪೇರಿ ಮಾಡಬಹುದು. ಅಷ್ಟು ಗಟ್ಟಿಯಾಗಿ ಮಾಡಿದ ವಸ್ತುವನ್ನು ಒಂದು ಕಾರ್ಬನ್‌ಗೋಸ್ಕರ ಮೂಲೆಗೆ ಹಾಕಿಸುವುದು ನನಗೆ ನಿಜಕ್ಕೂ ಸಿಟ್ಟು ಬರಿಸಿದ ವಿಷಯ. ಪೈಪ್ ಮತ್ತು ಹೆಪಾ ಫಿಲ್ಟರ್ ಮಾತ್ರ ಕಂಪನಿಯದೇ ಬೇಕು. ಮೈಸೂರಿನಲ್ಲಿ ಪರಿಚಯದವರೊಬ್ಬರು ಹುಡುಕಿ ಕೆಎಸ್‌ಆರ್‌ಟಿಸಿ ಬಸ್ಸಿಗೆ ಪಾರ್ಸೆಲ್ ಹಾಕುತ್ತಾರೆ. ರೈಲೇ ಇಲ್ಲದ ಜಿಲ್ಲೆ ನಮ್ಮದು, ಏನಿದ್ದರೂ ಬಸ್ಸಿನಲ್ಲೇ ಬರಬೇಕು.

ಹಾಗಾದರೆ ಈಗ ಅಂಗಡಿಯದ್ದೋ ಆನ್‌ಲೈನ್‌ದೋ ಕೊಳ್ಳಬಹುದಲ್ಲ ಅಂದರೆ, ಚಿಕ್ಕ ಮನೆಗೆ ಹೂಂ, ಧಾರಾಳವಾಗಿ. 2018ರ ಜುಲೈನಲ್ಲಿ ವ್ಯಾಕ್ಯೂಮ್ ಕ್ಲೀನರ್ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿಯಿತು. ಅದೇ ವರ್ಷ ಡೈಸನ್ ಅನ್ನುವ ವಿದೇಶಿ ವ್ಯಾಕ್ಯೂಮ್ ಕಂಪನಿ ಇಲ್ಲಿಗೆ ಬಂತು. ಕೋಲಿನ ಥರದ ವೈರ್ ಇಲ್ಲದ ಮಾಡೆಲ್, ತಾನೇ ಓಡಾಡಿ ಕಸ ಎಳೆಯುವ ರೋಬೋ, ಎಲ್ಲ ಈಗ ಸಿಗುತ್ತವೆ, ಬೆಲೆ ಮುಂದೆಯೇ ಬರೆದಿರುತ್ತದೆ, ಯಾರೂ ಎರಡು ಗಂಟೆ ಎದುರಿಗೆ ಕೂತಿರುವುದಿಲ್ಲ. ನಾದಿನಿ ಬೆಂಗಳೂರಿನಿಂದ ಒಂದು ರೋಬೋ ತಂದು ಬಿಟ್ಟಿದ್ದಳು. ನಮ್ಮ ಮನೆಯ ಹೊಸಿಲು ಅದಕ್ಕೆ ದಾಟಲು ಆಗಲಿಲ್ಲ, ಪ್ರತಿ ರೂಮಿಗೂ ಎತ್ತಿ ಇಡಬೇಕು. ಕೋಲಿನ ಮಾಡೆಲ್ ಹೋಂಸ್ಟೇ ರೂಮಿಗೆ ಚೆನ್ನಾಗಿತ್ತು, ಕರೆಂಟ್ ಇಲ್ಲದಾಗಲೂ ಓಡುತ್ತದೆ, ಅದು ದೊಡ್ಡ ಉಪಕಾರ. ಆದರೆ ಜೋರಿಗೆ ಹಾಕಿದರೆ ಬ್ಯಾಟರಿ ಬೇಗ ಮುಗಿಯುತ್ತದೆ, ಕೆಲವು ವರ್ಷಕ್ಕೆ ಬ್ಯಾಟರಿಯೇ ಬದಲಿಸಬೇಕು. ಅದು ಸಿಗದಿದ್ದರೆ ಇಡೀ ಮೆಷಿನ್ ದಂಡ.

ಯಾರಾದರೂ ಡೆಮೊಗೆ ಬಂದರೆ ಹೀಗೆ ಮಾಡಿ. 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟದ ನಿಯಮಗಳ ಪ್ರಕಾರ ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಮನೆಗೆ ಬರುವ ಹಾಗಿಲ್ಲ. ಕಾರ್ಡ್ ನೋಡಿ. ನಿಮ್ಮ ಹಳೇ ಮೆಷಿನ್‌ನಲ್ಲಿ ಒಂದು ಜಾಗ ಮೊದಲು ನೀವೇ ಚೆನ್ನಾಗಿ ಎಳೆದು, ಆಮೇಲೆ ಅದೇ ಜಾಗದಲ್ಲಿ ಅವರದ್ದು ಓಡಿಸಲು ಹೇಳಿ. ವ್ಯತ್ಯಾಸ ಆಗ ಗೊತ್ತಾಗುತ್ತದೆ. ಫಿಲ್ಟರ್, ಪೈಪ್, ಕಾರ್ಬನ್ ಬೆಲೆ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಸಹಿ ಅವತ್ತೇ ಹಾಕಬೇಡಿ. ಹೆಚ್ಚುಕಮ್ಮಿಯಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಕಂಪನಿಯವರಿಗೆ ನನ್ನ ಮಾತು ಇಷ್ಟೇ. ತೋರಿಸುವ ಹುಡುಗರನ್ನು ಕಳುಹಿಸುವುದು ನಿಲ್ಲಿಸಬೇಡಿ, ಆದರೆ ಅವರಿಗೆ ಸಂಬಳ ಕೊಡಿ, ಬೆಲೆ ಮೊದಲೇ ಹೇಳಲು ಬಿಡಿ. ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಇರುವ ವೈಂಡಿಂಗ್ ಅಂಗಡಿಯವರೊಬ್ಬರಿಗೆ ಪಾರ್ಟ್ಸ್ ಕೊಟ್ಟಿಡಿ. ಅಷ್ಟು ಮಾಡಿದರೆ ಇದೇ ಬೆಲೆಗೆ ಇದೇ ಮೆಷಿನ್ ಮತ್ತೆ ಕೊಳ್ಳಲು ನಾನು ತಯಾರು. ಪೊನ್ನಂಪೇಟೆ ಕಡೆ ನಮ್ಮ ಅತ್ತಿಗೆ ಈಗ ಒಂದು ನೋಡುತ್ತಿದ್ದಾರೆ, ಹಾಸಿಗೆಗಳೂ ನಾಯಿಗಳೂ ನಮಗಿಂತ ಜಾಸ್ತಿ ಇರುವ ಮನೆ. ಆ ಕಡೆಗೆ ಸರ್ವಿಸ್‌ಗೆ ಬರುವವರು ಯಾರಾದರೂ ಇದ್ದರೆ, ಯಾವ ಕಂಪನಿಯದಾದರೂ ಸರಿ, ದಯವಿಟ್ಟು ತಿಳಿಸಿ.