ಮೆತ್ತನೆ ಚಪ್ಪಲಿಯೋ, ಅಗಲದ ಶೂವೋ? ಬೆರಳ ಬುಡದ ನರನೋವಿಗೆ ನಾನು ಮಾಡಿ ನೋಡಿದ್ದು

ಬಲಗಾಲಿನ ಮೂರನೇ, ನಾಲ್ಕನೇ ಬೆರಳಿನ ಬುಡದಲ್ಲಿ ಶುರುವಾಯಿತು. ಶೂ ಒಳಗೆ ಸಣ್ಣ ಕಲ್ಲು ಸೇರಿದ ಹಾಗೆ. ಬಿಚ್ಚಿ ಕೊಡವಿದರೆ ಏನೂ ಇಲ್ಲ. ನಾನು ಉಡುಪಿಯಲ್ಲಿ ಟೀಚರ್, ದಿನಕ್ಕೆ ಐದು ಪೀರಿಯಡ್ ನಿಂತೇ ಪಾಠ. ಮೂರನೇ ಪೀರಿಯಡ್ ಹೊತ್ತಿಗೆ ಆ ಬೆರಳುಗಳಿಗೆ ಕರೆಂಟ್ ಹೊಡೆದ ಹಾಗಾಗುತ್ತಿತ್ತು, ಆಮೇಲೆ ಜೋಮು.

ಎಲ್ಲರೂ ಹೇಳಿದ್ದು ಎಂಸಿಆರ್ ಚಪ್ಪಲಿ, ಅಂದರೆ ಮೆತ್ತನೆ ರಬ್ಬರ್ ತಳದ್ದು. ಹಿಮ್ಮಡಿ ನೋವಿದ್ದ ನಮ್ಮ ಅತ್ತೆಗೆ ಅದರಿಂದ ತುಂಬಾ ಉಪಕಾರ ಆಗಿತ್ತು. ನನಗೆ ಮನೆಯೊಳಗೆ ಹಿತ, ಅಷ್ಟೇ. ಅರ್ಧ ಗಂಟೆ ನಡೆದರೆ ನೋವು ವಾಪಸ್.

ಯಾಕೆ ಅಂತ ಮೂಳೆ ಡಾಕ್ಟರ್ ಬಳಿ ಹೋದಾಗ ತಿಳಿಯಿತು. ಅವರು ಪಾದವನ್ನು ಎರಡೂ ಬದಿಯಿಂದ ಹಿಂಡಿ ಬೆರಳುಗಳ ಸಂದಿಯಲ್ಲಿ ಒತ್ತಿದರು. ಒಳಗೆ ಟಕ್ ಅಂದಿತು, ಜೀವ ಹೋದ ಹಾಗಾಯಿತು. ಇದು ಮಾರ್ಟನ್ಸ್ ನ್ಯೂರೋಮಾ. ಅಮೆರಿಕದ ಡಾಕ್ಟರ್ ಥಾಮಸ್ ಮಾರ್ಟನ್ 1876ರಲ್ಲಿ ಇದರ ಬಗ್ಗೆ ಬರೆದಿದ್ದರು. ಹೆಸರು ಕೇಳಿ ಹೆದರಬೇಡಿ, ಕ್ಯಾನ್ಸರ್ ಅಲ್ಲ. ಬೆರಳಿಗೆ ಹೋಗುವ ನರ ಪಾದದ ಉದ್ದ ಮೂಳೆಗಳ ತುದಿಗಳ ಹತ್ತಿರ ಹಾದು ಹೋಗುತ್ತದೆ. ಅಲ್ಲಿ ಒತ್ತಿ ಒತ್ತಿ ನರದ ಸುತ್ತಲಿನ ಪದರ ದಪ್ಪವಾಗುತ್ತದೆ. ಅಂದರೆ ನರಕ್ಕೆ ಬೇಕಾದ್ದು ಜಾಗ. ಮೆತ್ತನೆ ತಳ ಕೆಳಗಿನ ಪೆಟ್ಟು ತಡೆಯುತ್ತದೆ, ಜಾಗ ಕೊಡುವುದಿಲ್ಲ ಅಲ್ವಾ?

ಹಾಗಾಗಿ ಮುಂಭಾಗ ಅಗಲ ಇರುವ, ಹಿಮ್ಮಡಿ ಎತ್ತರವಿಲ್ಲದ ಶೂ ಹುಡುಕಿದೆ. ಸಂಜೆ, ಪಾದ ಸ್ವಲ್ಪ ಊದಿರುವಾಗ, ಕಾಗದದ ಮೇಲೆ ನಿಂತು ಸುತ್ತ ಗೆರೆ ಎಳೆದು ಕತ್ತರಿಸಿಕೊಂಡೆ. ನನ್ನ ಹಳೆ ಶೂ ತಳಕ್ಕಿಂತ ಅದು ಎಷ್ಟು ಅಗಲ ಇತ್ತೆಂದು ನೋಡಿ ಬೇಸರವಾಯಿತು. ಹೊಸ ಶೂನಲ್ಲಿ ಎರಡು ವಾರಕ್ಕೇ ಕರೆಂಟ್ ಹೊಡೆಯುವುದು ಕಡಿಮೆಯಾಯಿತು.

ಶೂ ಒಳಗೆ ಅಂಟಿಸುವ ಸಣ್ಣ ಪ್ಯಾಡ್ ಕೂಡ ಹಾಕಿಕೊಂಡೆ, ಅದರಲ್ಲಿ ಮೊದಲು ತಪ್ಪು ಮಾಡಿದೆ. ನೋವಿರುವ ಜಾಗದ ಅಡಿಗೇ ಅಂಟಿಸಿದ್ದೆ, ನೋವು ಜಾಸ್ತಿಯಾಯಿತು. ಅದು ಇರಬೇಕಾದ್ದು ನೋವಿನ ಜಾಗಕ್ಕಿಂತ ಸ್ವಲ್ಪ ಹಿಂದೆ, ಹಿಮ್ಮಡಿ ಕಡೆಗೆ. ಆಗ ಮೂಳೆಗಳು ತುಸು ಬಿಡಿಸಿಕೊಳ್ಳುತ್ತವೆ. ನೋವಿನ ಜಾಗಕ್ಕೆ ಒದ್ದೆ ಕುಂಕುಮ ಹಚ್ಚಿ ಶೂ ತಳದ ಮೇಲೆ ನಿಂತೆ. ಗುರುತಿನ ಹಿಂದೆ ಪ್ಯಾಡ್ ಅಂಟಿಸಿದೆ. ಸರಿಹೋಯಿತು. ಬೆರಳಿಗೆ ಸಿಕ್ಕಿಸುವ ಸಿಲಿಕಾನ್ ಪ್ಯಾಡ್ ಕೂಡ ತಂದಿದ್ದೆ, ಕೃಷ್ಣ ಮಠಕ್ಕೆ ಹೋದಾಗ ಬರಿಗಾಲಲ್ಲೂ ಇರಲಿ ಅಂತ. ನಮ್ಮ ಸೆಕೆಗೆ ಬೆವರಿ ಮುಂದಕ್ಕೆ ಜಾರಿ ಬೇಡದ ಜಾಗದಲ್ಲೇ ಕೂರುತ್ತದೆ. ಕಲ್ಲಿನ ನೆಲದ ಮೇಲೆ ಜಾಸ್ತಿ ಹೊತ್ತು ನಿಲ್ಲುವುದನ್ನೇ ಈಗ ಬಿಟ್ಟಿದ್ದೇನೆ.

ಸ್ಟೀರಾಯ್ಡ್ ಇಂಜೆಕ್ಷನ್ ಒಮ್ಮೆ ತಗೊಂಡೆ. ವಾರದೊಳಗೆ ನೋವು ಮಾಯ, ಮೂರು ತಿಂಗಳಿಗೆ ಮೆಲ್ಲಗೆ ವಾಪಸ್. ಪದೇ ಪದೇ ತಗೊಂಡರೆ ಅಂಗಾಲಿನ ಕೊಬ್ಬಿನ ಪದರ ತೆಳ್ಳಗಾಗಬಹುದು. ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಆ ನರವನ್ನೇ ತೆಗೆಯುತ್ತಾರೆ, ಆ ಬೆರಳ ಸಂದಿ ಮರಗಟ್ಟಿಯೇ ಉಳಿಯುತ್ತದೆ. ಶೂ, ಪ್ಯಾಡ್‌ನಿಂದಲೇ ಐದು ಪೀರಿಯಡ್ ನಿಲ್ಲಲು ಆಗುತ್ತಿರುವುದರಿಂದ ನನಗೆ ಅದು ಬೇಡ.

ಎರಡೂ ಪಾದ ಒಟ್ಟಿಗೆ ಉರಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ, ಶೂ ಅಂಗಡಿಗೆ ಹೋಗುವ ಮೊದಲು ಶುಗರ್ ಪರೀಕ್ಷೆ ಮಾಡಿಸಿ.